ನಾಲ್ಕನೇ ಆಯಾಮ, ಕಾಲ, ಜಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲ, ಜಾಗ, ಆಯಾಮ ಅಂತ ಮಾತು ಶುರುವಾದರೆ ಸಾಕು, ಯಾರಾದರೂ ಒಬ್ಬರು ‘ಇದೆಲ್ಲ ತಲೆಗೆ ಹತ್ತಲ್ಲ ಬಿಡಿ’ ಎನ್ನುತ್ತಾರೆ. ಹತ್ತುತ್ತದೆ. ಕಣ್ಣ ಮುಂದೆ ಚಿತ್ರ ಮೂಡಲೇಬೇಕು ಅಂತ ಹಟ ಹಿಡಿದರೆ ಮಾತ್ರ ಕಷ್ಟ. ಕಾಲೇಜು ಹುಡುಗರು, ಅವರ ಅಪ್ಪ ಅಮ್ಮಂದಿರು, ರಾತ್ರಿ ಹನ್ನೊಂದಕ್ಕೆ ವಿಡಿಯೋ ನೋಡಿ ನಿದ್ದೆ ಕೆಡಿಸಿಕೊಂಡವರು, ಎಲ್ಲರೂ ಕೇಳುವ ಪ್ರಶ್ನೆಗಳು ಇಲ್ಲಿವೆ.

ಆಯಾಮ ಅಂದರೆ ನಿಜಕ್ಕೂ ಏನು?

ಒಂದು ವಸ್ತು ಎಲ್ಲಿದೆ ಅಂತ ಗೊಂದಲವಿಲ್ಲದೆ ಹೇಳಲು ಎಷ್ಟು ಸಂಖ್ಯೆ ಬೇಕೋ ಅಷ್ಟು ಆಯಾಮ. ಹಳಿ ಮೇಲಿರುವ ರೈಲಿಗೆ ಒಂದು ಸಾಕು: ಇಷ್ಟನೇ ಕಿಲೋಮೀಟರ್. ಸಮುದ್ರದ ಮೇಲಿನ ದೋಣಿಗೆ ಎರಡು: ಅಕ್ಷಾಂಶ, ರೇಖಾಂಶ. ವಿಮಾನಕ್ಕೆ ಎತ್ತರವೂ ಸೇರಿ ಮೂರು. ಸ್ನೇಹಿತರನ್ನು ಭೇಟಿ ಆಗಬೇಕಾದರೆ ನಾಲ್ಕು. ಮೆಜೆಸ್ಟಿಕ್ಕಿನ ಇಂಥ ಪ್ಲಾಟ್‌ಫಾರಂ ಅಂತ ಹೇಳಿ ಗಂಟೆ ಹೇಳದಿದ್ದರೆ ಇಬ್ಬರೂ ಅಲೆಯುತ್ತೀರಿ.

ಇಷ್ಟೇ. ಆಯಾಮ ಅನ್ನುವುದು ಬೇರೆ ಲೋಕವಲ್ಲ. ‘ಐದನೇ ಆಯಾಮದಿಂದ ಬಂದ ಜೀವಿ’ ಅನ್ನುವುದು ‘ಅಗಲದಿಂದ ಬಂದ ಜೀವಿ’ ಅಂದ ಹಾಗೆ.

ನಾಲ್ಕನೇ ಆಯಾಮ ಅಂದರೆ ಕಾಲವೇ ಅಲ್ವಾ?

ಜಾಸ್ತಿ ಜನ ಎಡವುವುದು ಇಲ್ಲೇ. ಆ ಹೆಸರಲ್ಲಿ ಎರಡು ಬೇರೆ ಬೇರೆ ವಿಷಯ ಓಡಾಡುತ್ತಿವೆ.

ಒಂದು, ಉದ್ದ, ಅಗಲ, ಎತ್ತರದ ಜೊತೆಗೆ ಜಾಗದ್ದೇ ಇನ್ನೊಂದು ದಿಕ್ಕು. ಈ ಮೂರಕ್ಕೂ ಲಂಬವಾಗಿ ಹೋಗುವ ದಿಕ್ಕು. ಹತ್ತೊಂಬತ್ತನೇ ಶತಮಾನದ ಗಣಿತದವರು ಲೆಕ್ಕ ಹಾಕುತ್ತಿದ್ದದ್ದು ಇದರದ್ದು. ನಮ್ಮ ಸುತ್ತ ಅಂಥ ದಿಕ್ಕು ಇದೆ ಅನ್ನಲು ಯಾವ ಪುರಾವೆಯೂ ಇಲ್ಲ. ಆದರೂ ಲೆಕ್ಕ ಚೆನ್ನಾಗಿ ನಡೆಯುತ್ತದೆ.

ಇನ್ನೊಂದು, ಕಾಲ. 1905ರಲ್ಲಿ ಐನ್‌ಸ್ಟೈನ್ ವಿಶೇಷ ಸಾಪೇಕ್ಷತೆ ಕೊಟ್ಟರು: ಓಡುವ ವೇಗಕ್ಕೆ ತಕ್ಕಂತೆ ಕಾಲ, ದೂರದ ಅಳತೆಯೇ ಬದಲಾಗುತ್ತದೆ ಅನ್ನುವ ಸಿದ್ಧಾಂತ. ಆದರೆ ಕಾಲವನ್ನೂ ಜಾಗವನ್ನೂ ಒಂದೇ ನಾಲ್ಕು ಆಯಾಮದ ಹಂದರದಲ್ಲಿ ಕಟ್ಟಿದ್ದು ಅವರಲ್ಲ, ಹರ್ಮನ್ ಮಿಂಕೋವ್‌ಸ್ಕಿ. ಝೂರಿಕ್‌ನಲ್ಲಿ ಐನ್‌ಸ್ಟೈನ್‌ಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು. ಈ ಹುಡುಗ ಸೋಮಾರಿ ಅಂತಲೇ ಅವರು ತಿಳಿದಿದ್ದರು. 1908ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಮಿಂಕೋವ್‌ಸ್ಕಿ ಈ ಬಗ್ಗೆ ಭಾಷಣ ಮಾಡಿದರು. ಮುಂದಿನ ಜನವರಿಯಲ್ಲಿ ಅಪೆಂಡಿಕ್ಸ್ ಕೆರಳಿ ತೀರಿಕೊಂಡರು, 44ನೇ ವಯಸ್ಸಿನಲ್ಲಿ. ಅದೆಲ್ಲ ಅತಿಯಾದ ಪಾಂಡಿತ್ಯ ಅಂತ ಮೊದಮೊದಲು ಮೂಗು ಮುರಿದ ಐನ್‌ಸ್ಟೈನ್, 1915ರ ಸಾಮಾನ್ಯ ಸಾಪೇಕ್ಷತೆಗೆ (ಗುರುತ್ವದ ಸಿದ್ಧಾಂತಕ್ಕೆ) ಅದೇ ಹಂದರವನ್ನು ಬಳಸಬೇಕಾಯಿತು.

ಒಂದು ಎಚ್ಚರ: ಇಲ್ಲೂ ಕಾಲ ಉಳಿದ ಮೂರರ ಥರದ್ದಲ್ಲ. ದೂರದ ಲೆಕ್ಕ ಹಾಕುವಾಗ ಉದ್ದ, ಅಗಲ, ಎತ್ತರದ ವರ್ಗಗಳನ್ನು ಕೂಡಿಸುತ್ತೇವೆ, ಕಾಲದ ವರ್ಗವನ್ನು ಕಳೆಯುತ್ತೇವೆ. ಆ ಒಂದು ಮೈನಸ್ ಚಿಹ್ನೆಯಿಂದಾಗಿ ಎಡಕ್ಕೆ ಬಲಕ್ಕೆ ತಿರುಗಿದಷ್ಟು ಸಲೀಸಾಗಿ ನಿನ್ನೆಯ ಕಡೆಗೆ ತಿರುಗಲು ಆಗುವುದಿಲ್ಲ.

ಜಾಗದ ನಾಲ್ಕನೇ ದಿಕ್ಕನ್ನು ಮನಸ್ಸಿನಲ್ಲಿ ನೋಡಿದವರು ಯಾರಾದರೂ ಇದ್ದಾರಾ?

ನೋಡಿದರೋ ಇಲ್ಲವೋ ಹೇಳುವುದು ಕಷ್ಟ. ಅದರಲ್ಲಿ ನಿರಾಳವಾಗಿ ಓಡಾಡಿದವರಂತೂ ಇದ್ದಾರೆ. ನನಗೆ ಎಲ್ಲರಿಗಿಂತ ಇಷ್ಟವಾದವರು ಅಲಿಸಿಯಾ ಬೂಲ್ ಸ್ಟಾಟ್.

ಹುಟ್ಟಿದ್ದು 1860ರಲ್ಲಿ, ಐರ್ಲೆಂಡಿನ ಕಾರ್ಕ್‌ನಲ್ಲಿ. ಕಂಪ್ಯೂಟರ್ ಲೆಕ್ಕಕ್ಕೆ ಅಡಿಪಾಯವಾದ ಬೂಲಿಯನ್ ಬೀಜಗಣಿತದ ಜಾರ್ಜ್ ಬೂಲ್ ಇವರ ತಂದೆ. ತಾಯಿ ಮೇರಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರ ತಮ್ಮನ ಮಗಳು. ಹೆಸರು ದೊಡ್ಡದು, ಮನೆಯಲ್ಲಿ ದುಡ್ಡಿಲ್ಲ. ಅಲಿಸಿಯಾಗೆ ನಾಲ್ಕು ವರ್ಷವಿದ್ದಾಗ ಅಪ್ಪ ತೀರಿಕೊಂಡರು. ಕಾಲೇಜು ಮೆಟ್ಟಿಲು ಹತ್ತಲಿಲ್ಲ.

ಹದಿನೆಂಟರ ಸುಮಾರಿಗೆ ಚಾರ್ಲ್ಸ್ ಹೋವರ್ಡ್ ಹಿಂಟನ್ ಆ ಮನೆಗೆ ಬರತೊಡಗಿದರು. ಮುಂದೆ ಅಕ್ಕನ ಗಂಡನಾದವರು. ನಾಲ್ಕನೇ ಆಯಾಮದ ಹುಚ್ಚು ಹತ್ತಿಸಿಕೊಂಡ ಮನುಷ್ಯ. ನಾಲ್ಕು ಆಯಾಮದ ಘನಕ್ಕೆ ‘ಟೆಸರಾಕ್ಟ್’ ಅನ್ನುವ ಹೆಸರು ಇವರದ್ದೇ, 1888ರದ್ದು. ಬಣ್ಣ ಬಳಿದ ಮರದ ಘನಗಳನ್ನು ಬಾಯಿಪಾಠ ಮಾಡಿದರೆ ನಾಲ್ಕನೇ ದಿಕ್ಕು ಕಾಣುತ್ತದೆ ಅಂತ ನಂಬಿದ್ದರು. (ಮುಂದೆ ಇಬ್ಬರನ್ನು ಮದುವೆಯಾಗಿ ಸಿಕ್ಕಿಬಿದ್ದು, ಜಪಾನಿಗೆ ಹೋಗಿ, ಆಮೇಲೆ ಅಮೆರಿಕದಲ್ಲಿ ಮದ್ದಿನಪುಡಿಯಿಂದ ಬೇಸ್‌ಬಾಲ್ ಎಸೆಯುವ ಯಂತ್ರ ಮಾಡಿದರು. ಅದೇ ಒಂದು ಬೇರೆ ಕಥೆ.)

ಆ ಘನಗಳನ್ನು ಹಿಡಿದು ಮುಂದೆ ಹೋದದ್ದು ಅಲಿಸಿಯಾ. ಮೂರು ಆಯಾಮದಲ್ಲಿ ಎಲ್ಲ ಬದಿಯೂ ಎಲ್ಲ ಮೂಲೆಯೂ ಒಂದೇ ಥರ ಇರುವ, ಎಲ್ಲೂ ಒಳಕ್ಕೆ ತಗ್ಗಿರದ ಘನಾಕೃತಿಗಳು ಐದೇ ಐದು. ನಾಲ್ಕರಲ್ಲಿ ಎಷ್ಟು? ಆರು ಅಂತ ಒಬ್ಬರೇ ಕಂಡುಕೊಂಡರು. ಸ್ವಿಟ್ಜರ್ಲೆಂಡಿನ ಗಣಿತಜ್ಞ ಷ್ಲೇಫ್ಲಿ ಅದನ್ನು ಮೊದಲೇ ಲೆಕ್ಕದಲ್ಲಿ ಸಾಧಿಸಿದ್ದರು. ಇವರಿಗೆ ಅದು ಗೊತ್ತೇ ಇರಲಿಲ್ಲ. ಆರರಲ್ಲಿ ದೊಡ್ಡದಕ್ಕೆ 600 ಕೋಶಗಳು, ಅಂದರೆ ಘನಕ್ಕೆ ಚೌಕದ ಮುಖಗಳಿರುವಂತೆ ಇದಕ್ಕೆ ಮುಖಗಳಾದ ಮೂರು ಆಯಾಮದ ತುಂಡುಗಳು. ಅದರ ಒಂದೊಂದು ಹೋಳನ್ನೂ ಕಾರ್ಡ್‌ಬೋರ್ಡಿನಲ್ಲಿ ಕತ್ತರಿಸಿ ಅಂಟಿಸಿದರು. ಮದುವೆಯಾಗಿ, ಎರಡು ಮಕ್ಕಳಾಗಿ, ಮನೆ ನೋಡಿಕೊಂಡು ಮಾಡಿದ ಕೆಲಸ. ನೆದರ್‌ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಸ್ಕೌಟೆ ಇದೇ ವಿಷಯದ ಮೇಲೆ ಬರೆದಿದ್ದಾರೆ ಅಂತ ತಿಳಿದಾಗ ಮಾದರಿಗಳ ಫೋಟೋ ಕಳಿಸಿದರು. ಅವರ ಲೆಕ್ಕಕ್ಕೂ ಇವರ ಕಾಗದದ ಹೋಳಿಗೂ ತಾಳೆಯಾಯಿತು. ಇಬ್ಬರೂ ವರ್ಷಗಟ್ಟಲೆ ಜೊತೆಗೆ ಕೆಲಸ ಮಾಡಿದರು. 1914ರಲ್ಲಿ ಅದೇ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ಹೋಳು ಅಂದರೆ? ಕಾಣದ್ದನ್ನು ಹೇಗೆ ಹೋಳು ಮಾಡುವುದು?

ಒಂದು ಆಲೂಗಡ್ಡೆ ತಗೊಂಡು ದಾಳದಂತೆ ಚೌಕವಾಗಿ ಕತ್ತರಿಸಿ. ಒಂದು ಮೂಲೆ ಕೆಳಗೆ, ಅದರ ನೇರ ಎದುರಿನ ಮೂಲೆ ಮೇಲೆ ಬರುವಂತೆ ಹಿಡಿಯಿರಿ. ಈಗ ಮೇಲಿಂದ ಅಡ್ಡಡ್ಡವಾಗಿ ತೆಳ್ಳಗೆ ಕೊಯ್ಯುತ್ತಾ ಬನ್ನಿ. ಮೊದಲು ಚುಕ್ಕಿ. ಆಮೇಲೆ ಪುಟ್ಟ ತ್ರಿಕೋನ. ತ್ರಿಕೋನ ದೊಡ್ಡದಾಗುತ್ತಾ ಹೋಗಿ ಅದರ ತುದಿಗಳು ಕತ್ತರಿಸಿದಂತಾಗುತ್ತವೆ. ಸರಿಯಾಗಿ ನಡುವೆ ಬಂದಾಗ ಆರು ಬದಿಯ ಆಕಾರ, ಜೇನುಗೂಡಿನ ಕೋಣೆಯಂಥದ್ದು. ಆಮೇಲೆ ಮತ್ತೆ ತ್ರಿಕೋನ, ಮತ್ತೆ ಚುಕ್ಕಿ. ಚೌಕದ ಆಲೂಗಡ್ಡೆಯೊಳಗೆ ಆರು ಬದಿ ಇತ್ತು ಅಂತ ಮೊದಲೇ ಹೊಳೆದಿತ್ತಾ? ಮೂರು ಆಯಾಮವೇ ನಮಗೆ ಅಷ್ಟು ಪರಿಚಯ, ನೋಡಿ.

ಕಾಗದದಷ್ಟು ತೆಳ್ಳಗಿನ ಲೋಕದಲ್ಲಿ ಬದುಕುವ ಜೀವಿ ಈ ಹೋಳುಗಳನ್ನು ಒಂದಾದ ಮೇಲೊಂದು ನೋಡಿದರೆ ಸಾಕು, ಘನ ಎಂಥದ್ದು ಅಂತ ಲೆಕ್ಕ ಹಾಕಬಹುದು. ನಾವು ಒಂದು ಮೆಟ್ಟಿಲು ಮೇಲೆ ಅಷ್ಟೆ. ಟೆಸರಾಕ್ಟ್ ಮೂಲೆ ಮುಂದಾಗಿ ನಮ್ಮ ಕೋಣೆಯ ಮೂಲಕ ಹಾದು ಹೋದರೆ ಏನು ಕಾಣುತ್ತದೆ? ಗಾಳಿಯಲ್ಲಿ ಒಂದು ಚುಕ್ಕಿ. ಆಮೇಲೆ ನಾಲ್ಕು ತ್ರಿಕೋನ ಮುಖದ ಪುಟ್ಟ ಪಿರಮಿಡ್. ಅದು ಬೆಳೆಯುತ್ತಾ ತುದಿಗಳು ಕತ್ತರಿಸಿಕೊಂಡು, ನಡುವೆ ಎಂಟು ತ್ರಿಕೋನ ಮುಖದ ಅಷ್ಟಮುಖಿ. ಆಮೇಲೆ ತಲೆಕೆಳಗಾದ ಪಿರಮಿಡ್ ಆಗಿ ಕುಗ್ಗಿ ಮಾಯ. ಅಲಿಸಿಯಾ ಕಾರ್ಡ್‌ಬೋರ್ಡಿನಲ್ಲಿ ಮಾಡಿದ್ದು ಇದನ್ನೇ.

ಟೆಸರಾಕ್ಟ್ ಚಿತ್ರವನ್ನು ನಾನೇ ಬಿಡಿಸಬಹುದಾ?

ಖಂಡಿತ. ಘನ ಬಿಡಿಸುವಾಗ ಏನು ಮಾಡುತ್ತೀರಿ? ಒಂದು ಚೌಕ, ಸ್ವಲ್ಪ ಪಕ್ಕಕ್ಕೆ ಸರಿಸಿ ಇನ್ನೊಂದು ಚೌಕ, ಮೂಲೆಗೆ ಮೂಲೆ ಗೆರೆ. ಟೆಸರಾಕ್ಟ್‌ಗೂ ಅದೇ: ಒಂದು ಘನ, ಬೇರೆ ಓರೆಯಲ್ಲಿ ಸರಿಸಿ ಇನ್ನೊಂದು ಘನ, ಎಂಟು ಮೂಲೆಗೆ ಎಂಟು ಗೆರೆ. ಸೇರಿಸುವ ಗೆರೆಗಳಿಗೆ ಬೇರೆ ಬಣ್ಣದ ಪೆನ್ ಇರಲಿ, ಇಲ್ಲದಿದ್ದರೆ ಬಲೆಯಲ್ಲಿ ಸಿಕ್ಕಿಬೀಳುತ್ತೀರಿ.

ಮುಗಿದ ಮೇಲೆ ಎಣಿಸಿ. ಮೂಲೆ 16. ಅಂಚು 32: ಎರಡು ಘನಗಳ 12 ಮತ್ತು 12, ಜೊತೆಗೆ ಹೊಸ ಗೆರೆ 8. ಚೌಕ 24: ಆರಾರು ಹನ್ನೆರಡು, ಜೊತೆಗೆ ಒಂದೊಂದು ಅಂಚು ಸರಿದಾಗ ಹುಟ್ಟಿದ 12. ಘನ 8: ಮೊದಲಿನದ್ದು, ಕೊನೆಯದ್ದು, ಆರು ಮುಖಗಳು ಸರಿದು ಮಾಡಿದ ಆರು. ಈ ಕೂಡುವ ರೀತಿ ಹಿಡಿಸಿದರೆ ಐದನೇ ಆಯಾಮದ ಘನಕ್ಕೆ ಎಷ್ಟು ಮೂಲೆ, ಎಷ್ಟು ಅಂಚು ಅಂತ ಚಿತ್ರವೇ ಇಲ್ಲದೆ ಹೇಳುತ್ತೀರಿ. ನನ್ನ ಮಟ್ಟಿಗೆ ‘ಅರ್ಥ ಆಯಿತು’ ಅಂದರೆ ಇದೇ. ತಲೆಯಲ್ಲಿ ಹೊಳೆಯುವ ದರ್ಶನಕ್ಕಾಗಿ ಕಾಯುತ್ತಾ ಕೂರುವವರು ಈ ಎಣಿಕೆಯನ್ನು ಮಾಡಿಯೇ ಇರುವುದಿಲ್ಲ.

ಕಣ್ಣು ಮುಚ್ಚಿದರೆ ನನಗೆ ಒಂದು ಸೇಬು ಕೂಡ ಕಾಣಲ್ಲ. ನನ್ನಂಥವರಿಗೆ ಇದು ಆಗುತ್ತಾ?

ಆಗುತ್ತದೆ. ಮನಸ್ಸಿನಲ್ಲಿ ಚಿತ್ರವೇ ಮೂಡದ ಜನ ಇದ್ದಾರೆ. 2015ರಲ್ಲಿ ನರವೈದ್ಯ ಆಡಮ್ ಝೀಮನ್ ಮತ್ತು ಸಂಗಡಿಗರು ಇದಕ್ಕೆ ‘ಅಫ್ಯಾಂಟೇಸಿಯಾ’ ಅಂತ ಹೆಸರಿಟ್ಟರು. ಕಾಯಿಲೆಯಲ್ಲ, ಮನಸ್ಸಿನ ಒಂದು ಬಗೆ ಅಷ್ಟೆ.

ಇನ್ನೂ ದೊಡ್ಡ ಉದಾಹರಣೆ ಬೇಕಾ? ಫ್ರಾನ್ಸಿನ ಗಣಿತಜ್ಞ ಬರ್ನಾರ್ಡ್ ಮೊರಾಂ. ಆರನೇ ವಯಸ್ಸಿನಲ್ಲೇ ಎರಡೂ ಕಣ್ಣು ಹೋಗಿತ್ತು. ಗೋಳವನ್ನು ಹರಿಯದೆ, ಚೂಪಾಗಿ ಮಡಿಸದೆ, ತನ್ನೊಳಗೇ ತಾನು ಹಾದುಹೋಗಲು ಬಿಟ್ಟು, ಒಳಗಿನದ್ದು ಹೊರಗಾಗುವಂತೆ ತಿರುವಬಹುದು ಅಂತ ಸ್ಟೀಫನ್ ಸ್ಮೇಲ್ 1950ರ ದಶಕದಲ್ಲಿ ಸಾಧಿಸಿದ್ದರು. ಆಗುತ್ತದೆ ಅಂತ ಗೊತ್ತು, ಹೇಗೆ ಅಂತ ಕಣ್ಣಿದ್ದವರಿಗೂ ಹೊಳೆಯುತ್ತಿರಲಿಲ್ಲ. ನಡುವಿನ ಹಂತಗಳನ್ನು ಜೇಡಿಮಣ್ಣಿನಲ್ಲಿ ಮಾಡಿ ತೋರಿಸಿದ್ದು ಮೊರಾಂ. ವಸ್ತುವಿನ ಒಳಗೂ ಹೊರಗೂ ಒಟ್ಟಿಗೇ ಕೈಯಾಡಿಸುವ ಅಭ್ಯಾಸ ಇದ್ದವರಿಗೆ ಕಣ್ಣಿನ ಒಂದೇ ಕೋನದ ಕಾಟ ಇರುವುದಿಲ್ಲ. ರಷ್ಯಾದ ಪಾಂಟ್ರಿಯಾಗಿನ್ ಕೂಡ ಅಷ್ಟೇ: ಹದಿನಾಲ್ಕಕ್ಕೆ ಕಣ್ಣು ಕಳೆದುಕೊಂಡು, ಆಕಾರಗಳ ಗಣಿತದಲ್ಲೇ ದೊಡ್ಡ ಹೆಸರಾದರು.

ಜಾಗಕ್ಕೆ ಮೂರೇ ಆಯಾಮ ಯಾಕೆ?

ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಮೂರು ಇರದಿದ್ದರೆ ಏನಾಗುತ್ತಿತ್ತು ಅಂತ ಗೊತ್ತು. 1917ರಲ್ಲಿ ಭೌತವಿಜ್ಞಾನಿ ಪಾಲ್ ಎರೆನ್‌ಫೆಸ್ಟ್ ಲೆಕ್ಕ ಹಾಕಿ ತೋರಿಸಿದರು: ನಾಲ್ಕು ಆಯಾಮದ ಜಾಗದಲ್ಲಿ ಗುರುತ್ವ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ, ಹಾಗಾಗಿ ಗ್ರಹಗಳ ಕಕ್ಷೆ ನಿಲ್ಲುವುದಿಲ್ಲ. ಸ್ವಲ್ಪ ತಳ್ಳಿದರೂ ಭೂಮಿ ಸೂರ್ಯನೊಳಗೆ ಬೀಳುತ್ತದೆ ಇಲ್ಲವೇ ದೂರ ಹಾರಿಹೋಗುತ್ತದೆ. ಅಲ್ಲಿ ದಾರಕ್ಕೆ ಗಂಟು ಕೂಡ ನಿಲ್ಲುವುದಿಲ್ಲ, ತಾನೇ ಬಿಚ್ಚಿಕೊಳ್ಳುತ್ತದೆ. ಎರಡೇ ಆಯಾಮವಿದ್ದರೆ ಬಾಯಿಂದ ಹಿಂಭಾಗದವರೆಗೆ ಕರುಳಿರುವ ಪ್ರಾಣಿ ಎರಡು ಹೋಳಾಗಿ ಬೇರೆಯಾಗುತ್ತದೆ.

ಕಣಗಳೆಲ್ಲ ಕಂಪಿಸುವ ಪುಟ್ಟ ಎಳೆಗಳು ಅನ್ನುವ ಸ್ಟ್ರಿಂಗ್ ಸಿದ್ಧಾಂತದವರು ಹತ್ತು, ಹನ್ನೊಂದು ಆಯಾಮ ಹೇಳುತ್ತಾರೆ. ಹೆಚ್ಚಿನವು ಮುದುರಿಕೊಂಡು ತೀರ ಸಣ್ಣವಾಗಿವೆ ಅನ್ನುವುದು ಅವರ ವಾದ. ಕಲುಝಾ 1921ರಲ್ಲಿ, ಕ್ಲೈನ್ 1926ರಲ್ಲಿ ಕೊಟ್ಟ ಯೋಚನೆ ಅದರ ಹಿಂದಿದೆ. ಪ್ರಯೋಗದಲ್ಲಿ ಇವತ್ತಿನವರೆಗೆ ಒಂದೂ ಸಿಕ್ಕಿಲ್ಲ.

ವೇಗವಾಗಿ ಹೋದರೆ ಕಾಲ ನಿಧಾನ ಆಗುತ್ತೆ ಅನ್ನುವುದು ಸುಮ್ನೆ ಲೆಕ್ಕಾನಾ, ನಿಜಾನಾ?

ನಿಜ. ಈಗ ನಿಮ್ಮ ಅಂಗೈ ಮೂಲಕ ಮ್ಯುವಾನ್ ಅನ್ನುವ ಕಣಗಳು ಹಾದುಹೋಗುತ್ತಿವೆ, ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು. ಬಾಹ್ಯಾಕಾಶದಿಂದ ಬರುವ ಕಿರಣ ವಾತಾವರಣಕ್ಕೆ ಬಡಿದಾಗ, ಸುಮಾರು 15 ಕಿ.ಮೀ. ಎತ್ತರದಲ್ಲಿ ಇವು ಹುಟ್ಟುತ್ತವೆ. ಸರಾಸರಿ ಆಯಸ್ಸು ಒಂದು ಸೆಕೆಂಡಿನ ಹತ್ತು ಲಕ್ಷದ 2.2 ಭಾಗ. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ 660 ಮೀಟರ್ ದಾಟಬಹುದು, ಅಷ್ಟೆ. ಆದರೂ ನೆಲ ಮುಟ್ಟುತ್ತವೆ. ಆ ವೇಗದಲ್ಲಿ ಅವುಗಳ ಗಡಿಯಾರ ನಮ್ಮ ಲೆಕ್ಕಕ್ಕೆ ನಿಧಾನ.

ನೆಲ ಮುಟ್ಟುವುದೇನು, ನೆಲದೊಳಕ್ಕೂ ಹೋಗುತ್ತವೆ. ಕೋಲಾರದ ಚಿನ್ನದ ಗಣಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದಿಂದ ಇವನ್ನು ಎಣಿಸಿದರು. ಆಳ ಹೋದಷ್ಟೂ ಎಣಿಕೆ ಇಳಿಯುತ್ತಾ, ಕೊನೆಗೆ ಮ್ಯುವಾನ್ ಇಲ್ಲವೇ ಇಲ್ಲ ಅನ್ನುವಂತಾಯಿತು. ಅಂಥ ಜಾಗವೇ ಇನ್ನೊಂದು ಬೇಟೆಗೆ ಒದಗಿತು: 1965ರಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ, ಎಷ್ಟೇ ದಪ್ಪ ಬಂಡೆಯನ್ನೂ ದಾಟಬಲ್ಲ ನ್ಯೂಟ್ರಿನೋ ಕಣಗಳ ಗುರುತು ಸಿಕ್ಕಿತು.

ಗಡಿಯಾರಗಳಲ್ಲೂ ಇದು ಕಾಣುತ್ತದೆ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಸೀಸಿಯಂ ಪರಮಾಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನದಲ್ಲಿಟ್ಟು ಭೂಮಿ ಸುತ್ತಿದರು. ನೆಲದ ಗಡಿಯಾರಕ್ಕಿಂತ ಪೂರ್ವಕ್ಕೆ ಹೋದಾಗ ಸುಮಾರು 59 ನ್ಯಾನೋಸೆಕೆಂಡ್ ಹಿಂದೆ, ಪಶ್ಚಿಮಕ್ಕೆ ಹೋದಾಗ ಸುಮಾರು 273 ಮುಂದೆ. ವೇಗ ಮಾತ್ರವಲ್ಲ, ಗುರುತ್ವವೂ ಕಾಲವನ್ನು ನಿಧಾನ ಮಾಡುತ್ತದೆ; ಎತ್ತರಕ್ಕೆ ಹೋದಷ್ಟೂ ಗಡಿಯಾರ ಬೇಗ ಓಡುತ್ತದೆ. 2010ರಲ್ಲಿ ಅಮೆರಿಕದ ಪ್ರಯೋಗಾಲಯವೊಂದು ಒಂದು ಗಡಿಯಾರವನ್ನು 33 ಸೆಂಟಿಮೀಟರ್ ಮೇಲೆತ್ತಿ ವ್ಯತ್ಯಾಸ ಅಳೆಯಿತು. ಎರಡು ಮೆಟ್ಟಿಲಿನ ಎತ್ತರ!

ನಿಮ್ಮ ಫೋನಿನ ಜಿಪಿಎಸ್ ಇದನ್ನು ದಿನಾ ಸರಿಮಾಡಿಕೊಳ್ಳುತ್ತದೆ. ಉಪಗ್ರಹದ ಗಡಿಯಾರ ವೇಗದಿಂದ ದಿನಕ್ಕೆ 7 ಮೈಕ್ರೋಸೆಕೆಂಡ್ ಕಳೆದುಕೊಂಡು, ಎತ್ತರದಿಂದ 45 ಗಳಿಸಿ, ಒಟ್ಟು 38 ಮುಂದೆ ಓಡುತ್ತದೆ. ಹಾಗೇ ಬಿಟ್ಟರೆ ದಿನಕ್ಕೆ ಸುಮಾರು 10 ಕಿ.ಮೀ. ಲೆಕ್ಕ ತಪ್ಪುತ್ತದೆ.

ಇದನ್ನೆಲ್ಲ ನಮ್ಮ ಪುರಾಣ ಮೊದಲೇ ಹೇಳಿದೆ ಅಂತಾರಲ್ಲ?

ಹೇಳುವವರು ಸಾಮಾನ್ಯವಾಗಿ ತೆಗೆಯುವುದು ಭಾಗವತದ ಕಕುದ್ಮಿಯ ಕಥೆ. ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಸಂಗೀತ ನಡೆಯುತ್ತಿದೆ, ಒಂದು ಗಳಿಗೆ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳು, ಅವರ ಮೊಮ್ಮಕ್ಕಳು, ಯಾರೂ ಇಲ್ಲ. ಕೊನೆಗೆ ಬಲರಾಮ ಸಿಗುತ್ತಾನೆ.

ಅದ್ಭುತ ಕಥೆ. ಕಾಲ ಎಲ್ಲ ಕಡೆ ಒಂದೇ ಓಟದಲ್ಲಿ ಹೋಗಬೇಕಿಲ್ಲ ಅಂತ ಕಲ್ಪಿಸಿಕೊಂಡದ್ದು ಸಣ್ಣ ಮಾತಲ್ಲ. ಆದರೆ ಎಷ್ಟು ವೇಗಕ್ಕೆ ಎಷ್ಟು ವ್ಯತ್ಯಾಸ ಅನ್ನುವ ಲೆಕ್ಕ ಅದರಲ್ಲಿಲ್ಲ. ಸಾಪೇಕ್ಷತೆ ಅಂದರೆ ಆ ಲೆಕ್ಕವೇ. ಕಥೆಯನ್ನು ಕಥೆಯಾಗಿ ಓದಿದರೆ ಅದಕ್ಕೇನೂ ಕಮ್ಮಿಯಾಗುವುದಿಲ್ಲ. ನಿಜವಾಗಿ ಚರ್ಚೆ ಬೇಕಿದ್ದರೆ ವೈಶೇಷಿಕರನ್ನು, ಅಂದರೆ ಆ ಹೆಸರಿನ ಪ್ರಾಚೀನ ಭಾರತೀಯ ದರ್ಶನದವರನ್ನು ನೋಡಿ. ಒಂಬತ್ತು ದ್ರವ್ಯಗಳ ಪಟ್ಟಿಯಲ್ಲಿ ಅವರು ಕಾಲವನ್ನೂ ದಿಕ್ಕನ್ನೂ ಬೇರೆ ಬೇರೆಯಾಗಿ ಇಟ್ಟು, ಯಾಕೆ ಅಂತ ವಾದ ಮಾಡುತ್ತಾರೆ.

ಬೈಕಿಂದ ಬೀಳುವಾಗ ಎಲ್ಲ ಸ್ಲೋ ಮೋಷನ್‌ನಲ್ಲಿ ಕಂಡಿತು. ಕಾಲ ನಿಜಕ್ಕೂ ನಿಧಾನ ಆಯಿತಾ?

ಇಲ್ಲ. ಇದನ್ನು ಪರೀಕ್ಷಿಸಿದ್ದಾರೆ. ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು ಜನರನ್ನು 31 ಮೀಟರ್ ಎತ್ತರದಿಂದ ಬೆನ್ನು ಕೆಳಗಾಗಿ ಬಲೆಯೊಳಕ್ಕೆ ಬೀಳಿಸಿದರು. ಮಣಿಕಟ್ಟಿನಲ್ಲಿ ಒಂದು ಪುಟ್ಟ ಪರದೆ. ಅದರಲ್ಲಿ ಅಂಕಿಗಳು ಮಾಮೂಲು ಹೊತ್ತಿನಲ್ಲಿ ಓದಲಾಗದಷ್ಟು ಬೇಗ ಮಿನುಗುತ್ತವೆ. ಕಾಲ ನಿಜವಾಗಿ ನಿಧಾನವಾಗಿ ಕಂಡರೆ ಓದಲು ಆಗಬೇಕು, ಅಲ್ವಾ? ಯಾರಿಗೂ ಆಗಲಿಲ್ಲ. ಆದರೆ ‘ಎಷ್ಟು ಹೊತ್ತು ಬಿದ್ದೆ?’ ಅಂದರೆ, ಬೇರೆಯವರ ಬೀಳುವಿಕೆಗಿಂತ ತಮ್ಮದು ಮೂರನೇ ಒಂದು ಭಾಗ ಜಾಸ್ತಿ ಅಂದರು. 2007ರಲ್ಲಿ ಬಂದ ಫಲಿತಾಂಶ ಇದು. ಭಯವಾದಾಗ ನೆನಪು ದಟ್ಟವಾಗಿ ಬರೆದುಕೊಳ್ಳುತ್ತದೆ. ಆಮೇಲೆ ತಿರುಗಿ ನೋಡಿದಾಗ ಉದ್ದ ಕಾಣುತ್ತದೆ.

ಎಲ್ಲರೂ ಕಾಲವನ್ನು ಒಂದೇ ಥರ ಕಲ್ಪಿಸಿಕೊಳ್ಳುತ್ತಾರಾ?

ಇಲ್ಲವೇ ಇಲ್ಲ. ಆಸ್ಟ್ರೇಲಿಯಾದ ಪೋರ್ಂಪುರಾವ್ ಊರಿನ ಮೂಲನಿವಾಸಿಗಳು ಎಡ ಬಲ ಅನ್ನುವುದಕ್ಕಿಂತ ಪೂರ್ವ ಪಶ್ಚಿಮ ಅಂತಲೇ ಮಾತಾಡುತ್ತಾರೆ. ಅವರ ಕೈಗೆ ಬಾಳೆಹಣ್ಣು ತಿಂದು ಮುಗಿಸುವ, ಮನುಷ್ಯ ಮುದುಕನಾಗುವ ಚಿತ್ರಗಳನ್ನು ಕೊಟ್ಟು ಕ್ರಮವಾಗಿ ಜೋಡಿಸಿ ಅಂದರು. ದಕ್ಷಿಣಕ್ಕೆ ಮುಖ ಮಾಡಿ ಕೂತಾಗ ಎಡದಿಂದ ಬಲಕ್ಕೆ ಜೋಡಿಸಿದರು. ಉತ್ತರಕ್ಕೆ ಕೂರಿಸಿದಾಗ ಬಲದಿಂದ ಎಡಕ್ಕೆ. ಪೂರ್ವಕ್ಕೆ ಕೂರಿಸಿದಾಗ ದೂರದಿಂದ ತಮ್ಮ ಕಡೆಗೆ. ಅಂದರೆ ಕಾಲ ಸೂರ್ಯನ ಹಾಗೆ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತದೆ. ಅವರು ಕೂತ ರೀತಿ ಬದಲಾಯಿತು, ಕಾಲದ ದಿಕ್ಕು ಬದಲಾಗಲಿಲ್ಲ. ಆಂಡೀಸ್ ಬೆಟ್ಟದ ಐಮಾರಾ ಹಿರಿಯರು ಹಳೆಯ ಕಾಲದ ಬಗ್ಗೆ ಹೇಳುವಾಗ ಕೈಯನ್ನು ಮುಂದಕ್ಕೆ ಚಾಚುತ್ತಾರೆ. ನಡೆದುಹೋದದ್ದು ಕಣ್ಣೆದುರು ಇದೆ, ಬರುವುದು ಬೆನ್ನ ಹಿಂದೆ. ಯೋಚಿಸಿದರೆ ಅದರಲ್ಲೂ ನ್ಯಾಯವಿದೆ.

ಒಂದೇ ಮನೆಯಲ್ಲೂ ಬೇರೆ ಬೇರೆ ಇರಬಹುದು. ಕೆಲವರಿಗೆ ವರ್ಷ ಅಂದರೆ ಮೈ ಸುತ್ತ ಒಂದು ಬಳೆ, ಡಿಸೆಂಬರ್ ಇಂಥ ಕಡೆ ಅಂತ ಬೆರಳು ತೋರಿಸುತ್ತಾರೆ. ಸಂಖ್ಯೆಗಳನ್ನು ಹೀಗೆ ಜಾಗದಲ್ಲಿ ಕಾಣುವವರ ಬಗ್ಗೆ ಇಂಗ್ಲೆಂಡಿನ ವಿಜ್ಞಾನಿ ಗಾಲ್ಟನ್ 1880ರಲ್ಲೇ ಬರೆದಿದ್ದರು. ಮನೆಯಲ್ಲಿ ಕೇಳಿ ನೋಡಿ, ಒಬ್ಬರಾದರೂ ಸಿಕ್ಕಾರು.

ಮಿದುಳಿನಲ್ಲಿ ಜಾಗದ ನಕ್ಷೆ ಇದೆಯಂತೆ?

ಇದೆ. ಇಲಿ ಒಂದು ನಿರ್ದಿಷ್ಟ ಮೂಲೆಗೆ ಬಂದಾಗ ಮಾತ್ರ ಮಿಡಿಯುವ ಕೋಶಗಳನ್ನು ಜಾನ್ ಒಕೀಫ್ 1971ರಲ್ಲಿ ಕಂಡರು. 2005ರಲ್ಲಿ ಮೇ-ಬ್ರಿಟ್ ಮತ್ತು ಎಡ್ವರ್ಡ್ ಮೋಸರ್ ಇನ್ನೊಂದು ಬಗೆ ಕಂಡರು: ನೆಲದ ಮೇಲೆ ಸಮ ಅಂತರದಲ್ಲಿ, ಜೇನುಗೂಡಿನ ಜಾಲದಂತೆ ಹರಡಿದ ಜಾಗಗಳಲ್ಲಿ ಮಿಡಿಯುವ ಕೋಶಗಳು. 2014ರ ನೊಬೆಲ್ ಈ ಮೂವರಿಗೆ. ನೆನಪು ಕೂಡ ಈ ಕೋಶಗಳಿರುವ ಮಿದುಳಿನ ಭಾಗದ್ದೇ ಕೆಲಸ. ಯಾವುದೋ ಹಳೆ ಘಟನೆ ನೆನೆಸಿಕೊಂಡರೆ ಅದು ನಡೆದ ಕೋಣೆಯೂ ಜೊತೆಗೆ ಬರುವುದು ಕಾಕತಾಳೀಯ ಇರಲಿಕ್ಕಿಲ್ಲ.

ಟೈಂ ಟ್ರಾವೆಲ್?

ಮುಂದಕ್ಕೆ ಆಗುತ್ತದೆ, ಆಗುತ್ತಲೇ ಇದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ತಿಂಗಳಿದ್ದು ಬಂದವರು ನಮಗಿಂತ ಸೆಕೆಂಡಿನ ಸಾವಿರದ ನಾಲ್ಕೈದು ಭಾಗ ಕಡಿಮೆ ವಯಸ್ಸಾಗಿ ಇಳಿಯುತ್ತಾರೆ.

ಹಿಂದಕ್ಕೆ ಹೋಗುವುದನ್ನು ಸಮೀಕರಣಗಳು ಪೂರ್ತಿ ಮುಚ್ಚಿಹಾಕಿಲ್ಲ. 1949ರಲ್ಲಿ ತರ್ಕಶಾಸ್ತ್ರಜ್ಞ ಕುರ್ಟ್ ಗೋಡೆಲ್, ಐನ್‌ಸ್ಟೈನ್‌ಗೆ 70 ತುಂಬಿದ ಹೊತ್ತಿಗೆ, ಅವರದ್ದೇ ಸಮೀಕರಣದಿಂದ ಒಂದು ವಿಶ್ವ ಕಟ್ಟಿ ಕೊಟ್ಟರು. ಅದರಲ್ಲಿ ತಕ್ಕ ದಾರಿ ಹಿಡಿದು ಮುಂದಕ್ಕೆ ಹೋಗುತ್ತಾ ಹೋದರೆ ಹೊರಟ ಗಳಿಗೆಗೇ ಬಂದು ಸೇರಬಹುದು. ಲೆಕ್ಕ ಸರಿಯಿದೆ. ಅದಕ್ಕೆ ಇಡೀ ವಿಶ್ವ ತಿರುಗುತ್ತಿರಬೇಕು. ನಮ್ಮದು ಹಾಗೆ ತಿರುಗುತ್ತಿರುವ ಸುಳಿವು ಇದುವರೆಗೆ ಸಿಕ್ಕಿಲ್ಲ.